ಕೆಂಗೇರಿ: ವೃಷಭಾವತಿ ದಡದ ಉಪನಗರ

ರಾಜಧಾನಿಯಿಂದ ಮೈಸೂರಿನತ್ತ ಹೊರಟ ಪ್ರಯಾಣಿಕರಿಗೆ ಒಂದು ಕಾಲದಲ್ಲಿ ಬೆಂಗಳೂರು ಮುಗಿದು ಹೊರ ಊರು ಆರಂಭವಾಯಿತೆಂಬುದರ ಗುರುತಾಗಿದ್ದುದು ಕೆಂಗೇರಿ. ನಗರದ ಹೃದಯಭಾಗವಾದ ಮೆಜೆಸ್ಟಿಕ್‌ನಿಂದ ನೈರುತ್ಯ ದಿಕ್ಕಿಗೆ ಸುಮಾರು 15 ಕಿ.ಮೀ. ದೂರದಲ್ಲಿ, ವೃಷಭಾವತಿ ನದಿಯ ದಡದಲ್ಲಿರುವ ಈ ಊರು ಇಂದು ಮಹಾನಗರದ ಹೊರವಲಯವೂ ಅಲ್ಲ, ಸಂಪೂರ್ಣ ಒಳಭಾಗವೂ ಅಲ್ಲ. ಹೋಬಳಿ ಕೇಂದ್ರವಾಗಿ, ಪುರಸಭೆಯಾಗಿ, ಮಹಾನಗರ ಪಾಲಿಕೆಯ ವಾರ್ಡಾಗಿ, ಮೆಟ್ರೊ ರೈಲಿನ ನಿಲ್ದಾಣವಾಗಿ ಕಾಲಕಾಲಕ್ಕೆ ರೂಪ ಬದಲಿಸಿರುವ ಕೆಂಗೇರಿಯ ಕಥೆಯಲ್ಲಿ ಬೆಂಗಳೂರಿನ ಬೆಳವಣಿಗೆಯ ಲಾಭ ನಷ್ಟಗಳೆರಡೂ ಅಡಕವಾಗಿವೆ.

ರಸ್ತೆ, ರೈಲು, ಮೆಟ್ರೊಗಳ ದೃಷ್ಟಿಯಿಂದ ಕೆಂಗೇರಿಯಷ್ಟು ಅನುಕೂಲವುಳ್ಳ ಉಪನಗರಗಳು ಬೆಂಗಳೂರಿನಲ್ಲಿ ಹೆಚ್ಚಿಲ್ಲ. ಆದರೆ ಊರಿಗೆ ಅಂದ ತರಬೇಕಾಗಿದ್ದ ನದಿಯೇ ಅದರ ಬಹುದೊಡ್ಡ ಸಮಸ್ಯೆಯಾಗಿ ಪರಿಣಮಿಸಿದೆ.

ಹೆಸರು ಮತ್ತು ಹಿನ್ನೆಲೆ

ಕೆಂಗೇರಿ ಎಂಬ ಹೆಸರು 'ತೆಂಗು' ಮತ್ತು 'ಕೇರಿ' ಎಂಬ ಪದಗಳಿಂದ ಬಂದುದು ಎಂಬುದು ಪ್ರಚಲಿತ ವಿವರಣೆ. 'ತೆಂಗೇರಿ' ಎಂಬ ರೂಪವೇ ಬಳಕೆಯಲ್ಲಿ ಕೆಂಗೇರಿಯಾಯಿತೆಂದು ಹೇಳಲಾಗುತ್ತದೆ. ನದಿಯ ಬಯಲು, ಕೆರೆಗಳ ಸಾಲು, ಕೆಂಪು ಮಣ್ಣಿನ ಹೊಲಗಳಿದ್ದ ಈ ಸೀಮೆಯಲ್ಲಿ ತೆಂಗು, ರಾಗಿ, ಹಿಪ್ಪುನೇರಳೆ ಮುಖ್ಯ ಬೆಳೆಗಳಾಗಿದ್ದವು.

ಗಂಗರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಹಾಗೂ ಅವರ ಸಾಮಂತರಾದ ಯಲಹಂಕ ನಾಡಪ್ರಭುಗಳು ಆಳಿದ ಪ್ರದೇಶವಿದು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಪೇಟೆಯನ್ನು ಕಟ್ಟಿದರು. 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಬೆಂಗಳೂರನ್ನು ಮೊಘಲರಿಂದ ಪಡೆದ ಬಳಿಕ, ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ನಡುವಣ ದಾರಿಯ ಮಹತ್ವ ಹೆಚ್ಚಿತು. ಆ ದಾರಿಯಲ್ಲಿ ಬೆಂಗಳೂರು ಕೋಟೆ ಬಿಟ್ಟ ಮೇಲೆ ಸಿಗುತ್ತಿದ್ದ ಮೊದಲ ಮುಖ್ಯ ಊರುಗಳಲ್ಲಿ ಕೆಂಗೇರಿಯೂ ಒಂದು.

ಹೆದ್ದಾರಿಯ ಮೇಲಿನ ಊರಿಗೆ ವ್ಯಾಪಾರದ ಲಾಭವಿದ್ದಂತೆ ಯುದ್ಧದ ಬಾಧೆಯೂ ತಪ್ಪಿದ್ದಲ್ಲ. 1791ರ ಮಾರ್ಚ್‌ನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡಿತು. ಶ್ರೀರಂಗಪಟ್ಟಣದತ್ತ ಮುನ್ನಡೆಯಲಿದ್ದ ಶತ್ರು ಸೇನೆಗೆ ಆಸರೆ, ಮೇವು, ಧಾನ್ಯ ಸಿಗದಂತೆ ಮಾಡಲು ಟಿಪ್ಪು ಸುಲ್ತಾನ್ ದಾರಿಯ ಊರುಗಳನ್ನು ಬರಿದು ಮಾಡಿಸಿದನು. ಆಗ ಸುಟ್ಟುಹೋದ ಊರುಗಳ ಪೈಕಿ ಕೆಂಗೇರಿಯನ್ನೂ ಹೆಸರಿಸಲಾಗುತ್ತದೆ. ಕಾರ್ನ್‌ವಾಲಿಸ್ ಕೊನೆಗೆ ಚನ್ನಪಟ್ಟಣದ ಮುಖ್ಯ ದಾರಿಯನ್ನು ಬಿಟ್ಟು ಕನಕಪುರದ ಮೂಲಕ ಸಾಗಬೇಕಾಯಿತು. ಮೈಸೂರು ಸಂಸ್ಥಾನವನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್ 1800ರಲ್ಲಿ ಇದೇ ಹಾದಿಯಲ್ಲಿ ಸಂಚರಿಸಿದ್ದನು.

ರೇಷ್ಮೆಯ ನಂಟು

ಮೈಸೂರು ಸೀಮೆಯ ರೇಷ್ಮೆ ಉದ್ಯಮದ ಚರಿತ್ರೆಯಲ್ಲಿ ಕೆಂಗೇರಿಗೆ ಒಂದು ಸ್ಥಾನವಿದೆ. 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿ ಸಾಕಣೆಗೆ ಪ್ರೋತ್ಸಾಹ ನೀಡಿದವನು ಟಿಪ್ಪು ಸುಲ್ತಾನ್. ಮುಂದೆ ಬೆಂಗಳೂರಿನಿಂದ ಚನ್ನಪಟ್ಟಣದವರೆಗಿನ ಪ್ರದೇಶ ರೇಷ್ಮೆಯ ನೆಲೆಯಾಯಿತು.

19ನೇ ಶತಮಾನದ ಮಧ್ಯಭಾಗದಲ್ಲಿ ಹುಳುಗಳಿಗೆ ರೋಗ ತಗುಲಿ ಉದ್ಯಮ ಕುಸಿಯತೊಡಗಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಪ್ರಯತ್ನವಾಗಿ 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯ ಉದ್ಯಮಿ ಕೆಂಗೇರಿಯಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯನ್ನು ಆರಂಭಿಸಿದರು. ಜಪಾನಿನಿಂದ ಮೊಟ್ಟೆಗಳನ್ನು ತರಿಸಿ ತಳಿ ಸುಧಾರಿಸುವ ಯತ್ನವೂ ನಡೆಯಿತು. ರೋಗದ ಬಾಧೆಯಿಂದಾಗಿ ಈ ಸಾಹಸ ನಿರೀಕ್ಷಿಸಿದ ಫಲ ಕೊಡಲಿಲ್ಲ. ಆದರೂ ವಿದೇಶಿ ಯಂತ್ರ, ವಿದೇಶಿ ತಳಿ, ಸ್ಥಳೀಯ ದುಡಿಮೆ ಮೂರೂ ಒಂದೆಡೆ ಸೇರಿದ ಈ ಭಾಗದ ಆರಂಭಿಕ ಪ್ರಯೋಗಗಳಲ್ಲಿ ಅದು ಒಂದು.

ರೇಷ್ಮೆ ಮಾರುಕಟ್ಟೆಯ ಕೇಂದ್ರ ಇಂದು ರಾಮನಗರಕ್ಕೆ ಸರಿದಿದೆ. ರಾಜ್ಯ ರೇಷ್ಮೆ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆ ಇರುವುದು ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ. ಕೆಂಗೇರಿಯ ಸುತ್ತಲಿದ್ದ ಹಿಪ್ಪುನೇರಳೆ ತೋಟಗಳ ಜಾಗದಲ್ಲಿ ಈಗ ನಿವೇಶನಗಳು ಎದ್ದಿವೆ.

ರೈಲು ಬಂದ ಮೇಲೆ

1876ರಿಂದ 1878ರವರೆಗಿನ ಭೀಕರ ಕ್ಷಾಮದ ನಂತರ ಮೈಸೂರು ಸಂಸ್ಥಾನ ಕೈಗೊಂಡ ದೊಡ್ಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲು ಮಾರ್ಗ ಮುಖ್ಯವಾದುದು. ಸುಮಾರು 138 ಕಿ.ಮೀ. ಉದ್ದದ ಈ ಮೀಟರ್ ಗೇಜ್ ಮಾರ್ಗ 1881ರಲ್ಲಿ ಭಾಗಶಃ ಆರಂಭವಾಗಿ 1882ರಲ್ಲಿ ಮೈಸೂರು ತಲುಪಿತು. ಕೆಂಗೇರಿ ಈ ಮಾರ್ಗದ ನಿಲ್ದಾಣ. ಹಾಲು, ತರಕಾರಿ, ತೆಂಗಿನಕಾಯಿಗಳೊಡನೆ ನಗರಕ್ಕೆ ಹೋಗಿ ಬರುವವರಿಗೆ ರೈಲು ನೆರವಾಯಿತು. 1990ರ ದಶಕದಲ್ಲಿ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸಲಾಯಿತು. ಬಳಿಕ ಜೋಡಿ ಹಳಿ ಮತ್ತು ವಿದ್ಯುದೀಕರಣ ಕಾಮಗಾರಿಗಳೂ ಪೂರ್ಣಗೊಂಡವು. ಮಂಡ್ಯ, ಮದ್ದೂರು, ರಾಮನಗರಗಳಿಂದ ದಿನನಿತ್ಯ ಬೆಂಗಳೂರಿಗೆ ದುಡಿಯಲು ಬರುವ ಅನೇಕರು ಕೆಂಗೇರಿಯಲ್ಲೇ ಇಳಿದು ಬಸ್ ಅಥವಾ ಮೆಟ್ರೊ ಹಿಡಿಯುತ್ತಾರೆ.

ವೃಷಭಾವತಿ: ಹುಟ್ಟು ಮತ್ತು ಹರಿವು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ, ಒಂದು ದಿಣ್ಣೆಯ ಮೇಲೆ ಕುಳಿತ ನಗರ. ಇಲ್ಲಿ ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳ ಮೂಲಕ ಹೊರಹೋಗುತ್ತದೆ. ಹೆಬ್ಬಾಳ ಕಣಿವೆ ಹಾಗೂ ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವದ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮ ಮತ್ತು ನೈರುತ್ಯ ಭಾಗದ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅರ್ಕಾವತಿಯ ಮೂಲಕ ಕಾವೇರಿಗೆ ಸಲ್ಲುತ್ತದೆ. ಅರ್ಕಾವತಿ ಕಾವೇರಿಯನ್ನು ಕೂಡುವುದು ಮೇಕೆದಾಟಿಗೆ ಸಮೀಪದ ಸಂಗಮದಲ್ಲಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುವ ನದಿ ಎಂಬ ನಂಬಿಕೆಯಿಂದ ಇದಕ್ಕೆ ವೃಷಭಾವತಿ ಎಂಬ ಹೆಸರು ಬಂದಿದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇಗುಲದ ಎದುರಿನ ನಂದಿತೀರ್ಥವನ್ನೂ ಇದರ ಮೂಲಗಳಲ್ಲಿ ಒಂದೆಂದು ಗುರುತಿಸಲಾಗುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇದರ ದಡದ ಪ್ರಸಿದ್ಧ ಕ್ಷೇತ್ರ. ಅಲ್ಲಿನ ಮೂರ್ತಿಯನ್ನು ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಪ್ರತೀತಿಯಿದೆ. ನದಿ ಮುಂದೆ ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ, ಕುಂಬಳಗೋಡುಗಳನ್ನು ಹಾದು ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರುತ್ತದೆ. ಕೃಷಿಗೆ ನೀರೊದಗಿಸಲೆಂದು 1940ರ ದಶಕದಲ್ಲಿ ಬಳಕೆಗೆ ಬಂದ ಜಲಾಶಯವಿದು.

ಮೂಲತಃ ವೃಷಭಾವತಿ ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಸಣ್ಣಗೆ ಹರಿಯುತ್ತಿದ್ದ ಹೊಳೆ. ದಡದ ಊರುಗಳ ಜನರು ಅದರಲ್ಲಿ ಮೀಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ದನಕರುಗಳಿಗೆ ನೀರು ಕುಡಿಸುತ್ತಿದ್ದರು. ಕೆಂಗೇರಿಯ ಹಿರಿಯ ತಲೆಮಾರಿನ ನೆನಪಿನಲ್ಲಿ ಇಂದಿಗೂ ಅದು ತಿಳಿನೀರಿನ ಹೊಳೆಯೇ.

ನದಿ ಕೊಳಚೆಯಾದ ಬಗೆ

ನದಿಯ ಸ್ವರೂಪ ಬದಲಾಗಲು ಕಾರಣ ಒಂದೇ ಅಲ್ಲ. ನಗರದ ಪಶ್ಚಿಮ ಭಾಗದ ಬಡಾವಣೆಗಳು ಬೆಳೆದಂತೆ ಅವುಗಳ ಒಳಚರಂಡಿ ನೀರು ತಗ್ಗಿನತ್ತ, ಅಂದರೆ ವೃಷಭಾವತಿಯತ್ತ ಹರಿಯಿತು. ರಾಜಾಜಿನಗರ, ಪೀಣ್ಯ, ಮೈಸೂರು ರಸ್ತೆಗಳ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವೂ ಇದೇ ಕಣಿವೆಗೆ ಬಂತು. ಕೆಂಗೇರಿಯ ಕೆಳಗೆ ಕುಂಬಳಗೋಡು ಮತ್ತು ಬಿಡದಿಯ ಕಾರ್ಖಾನೆಗಳಿವೆ. ಬಣ್ಣ ಹಾಕುವ, ಲೋಹಕ್ಕೆ ಲೇಪ ಕೊಡುವ ಸಣ್ಣ ಘಟಕಗಳಿಂದ ಹೊರಬರುವ ನೀರಿನಲ್ಲಿ ಭಾರಲೋಹಗಳಿರುತ್ತವೆ. ಇವನ್ನು ಮನೆಬಳಕೆಯ ಕೊಳಚೆ ಶುದ್ಧೀಕರಿಸುವ ಘಟಕಗಳು ತೆಗೆಯಲಾರವು.

ವಿಪರ್ಯಾಸವೆಂದರೆ, ಇಂದು ವೃಷಭಾವತಿಯಲ್ಲಿ ವರ್ಷವಿಡೀ ಹರಿಯುವುದು ಬಹುಪಾಲು ಕಾವೇರಿಯ ನೀರೇ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಅಪಾರ ವಿದ್ಯುತ್ ವೆಚ್ಚದಲ್ಲಿ ಪಂಪ್ ಮಾಡಿದ ನೀರು ಬೆಂಗಳೂರಿನ ಮನೆಗಳಲ್ಲಿ ಬಳಕೆಯಾಗುತ್ತದೆ. ಅದರಲ್ಲೊಂದು ಪಾಲು ಕೊಳಚೆಯಾಗಿ ವೃಷಭಾವತಿಗೆ ಇಳಿದು, ಅರ್ಕಾವತಿಯ ಮೂಲಕ ಮರಳಿ ಕಾವೇರಿಯನ್ನೇ ಸೇರುತ್ತದೆ. ಒಣಗಬೇಕಾದ ಬೇಸಿಗೆಯಲ್ಲೂ ನದಿ ಹರಿಯುತ್ತಿದೆಯೆಂದರೆ ಅದು ನದಿಯ ಆರೋಗ್ಯದ ಲಕ್ಷಣವಲ್ಲ. ನಗರದ ಬಳಕೆ ಎಷ್ಟು ಬೆಳೆದಿದೆ ಎಂಬುದರ ಅಳತೆ ಅದು.

ಕೊಳಚೆ ನೀರಿನ ಶುದ್ಧೀಕರಣಕ್ಕೆ ವ್ಯವಸ್ಥೆಯೇ ಇಲ್ಲವೆಂದಲ್ಲ. ಮೈಸೂರು ರಸ್ತೆಯ ವೃಷಭಾವತಿ ಕಣಿವೆ ಘಟಕ 1970ರ ದಶಕದಲ್ಲೇ ಆರಂಭವಾಗಿ, ದಿನಕ್ಕೆ 18 ಕೋಟಿ ಲೀಟರ್ ಸಾಮರ್ಥ್ಯಕ್ಕೆ ವಿಸ್ತರಣೆಗೊಂಡಿತು. ಕೆಂಗೇರಿ ಸಮೀಪದ ಮೈಲಸಂದ್ರದಲ್ಲಿ ದಿನಕ್ಕೆ 7.5 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಸ್ಥಾಪನೆಯಾಯಿತು. ಆದರೆ ಒಳಚರಂಡಿಯ ಕೊಳವೆಗೆ ಸೇರದೆ ನೇರವಾಗಿ ಮಳೆನೀರು ಕಾಲುವೆಗೆ ಬೀಳುವ ಕೊಳಚೆ ಘಟಕವನ್ನು ತಲುಪುವುದೇ ಇಲ್ಲ. ಮಳೆ ಬಂದಾಗ ಎರಡೂ ಬೆರೆಯುತ್ತವೆ. ಸಾಬೂನು, ಡಿಟರ್ಜೆಂಟುಗಳ ಅಂಶ ಉಳಿದ ನೀರು ಎತ್ತರದಿಂದ ಧುಮುಕಿದಾಗ ನೊರೆಯೇಳುತ್ತದೆ. ಬೈರಮಂಗಲದ ಕೋಡಿಯಲ್ಲಿ ಗುಡ್ಡೆಗುಡ್ಡೆಯಾಗಿ ಏಳುವ ಬಿಳಿ ನೊರೆಗೆ ಕಾರಣ ಇದೇ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ನದಿ ನೀರು ಸ್ನಾನಕ್ಕೆ ಯೋಗ್ಯವೆನಿಸಬೇಕಾದರೆ ಅದರ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣವಿದು. ಅದು ಹೆಚ್ಚಿದಷ್ಟೂ ಮೀನು ಮೊದಲಾದ ಜಲಚರಗಳಿಗೆ ಉಸಿರಾಟದ ಆಮ್ಲಜನಕ ಕಡಿಮೆಯಾಗುತ್ತದೆ. ವೃಷಭಾವತಿಯ ನೀರು ಈ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ.

ಕೆಳದಂಡೆಯ ರೈತರು

ಕೆಂಗೇರಿ ದಾಟಿದ ಮೇಲೆ ನದಿಯ ನೀರು ಬೆಂಗಳೂರು ದಕ್ಷಿಣ ಜಿಲ್ಲೆಯ (ಹಿಂದಿನ ರಾಮನಗರ ಜಿಲ್ಲೆ) ಹೊಲಗಳಿಗೆ ಹೋಗುತ್ತದೆ. ಬೈರಮಂಗಲ ಅಚ್ಚುಕಟ್ಟಿನ ರೈತರು ಹಿಂದೆ ಭತ್ತ ಬೆಳೆಯುತ್ತಿದ್ದರು. ನೀರು ಕೆಟ್ಟ ಮೇಲೆ ಅನೇಕರು ಹಿಪ್ಪುನೇರಳೆ, ಬೇಬಿ ಕಾರ್ನ್, ಜಾನುವಾರುಗಳ ಮೇವಿನ ಹುಲ್ಲು ಮುಂತಾದವುಗಳಿಗೆ ಹೊರಳಿದ್ದಾರೆ.

ಈ ರೈತರದು ಇಕ್ಕಟ್ಟಿನ ಸ್ಥಿತಿ. ವರ್ಷವಿಡೀ ನೀರು ಸಿಗುತ್ತದೆ, ಅದರಲ್ಲಿ ಸಾರಜನಕ, ರಂಜಕದ ಅಂಶವಿರುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ. ಇನ್ನೊಂದೆಡೆ ಕೊಳವೆಬಾವಿ, ತೆರೆದ ಬಾವಿಗಳ ನೀರು ಕೆಟ್ಟಿದೆ, ಹೊಲಕ್ಕಿಳಿದವರಿಗೆ ಚರ್ಮದ ತುರಿಕೆ, ಸೊಳ್ಳೆ ಕಾಟ ತಪ್ಪಿಲ್ಲ. ಈ ಕಣಿವೆಯಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹಗಳ ಅಂಶವನ್ನು ಸಂಶೋಧಕರು ಗುರುತಿಸಿದ್ದಾರೆ. ಹೀಗೆ ನಗರ ಹೊರಹಾಕಿದ್ದು ಹಾಲು, ತರಕಾರಿಗಳ ರೂಪದಲ್ಲಿ ನಗರದ ಅಡುಗೆಮನೆಗೇ ಹಿಂದಿರುಗುವ ಸಾಧ್ಯತೆಯಿದೆ. ಕೆಂಗೇರಿಯ ನದಿಯ ಪ್ರಶ್ನೆ ಕೆಂಗೇರಿಗಷ್ಟೇ ಸೀಮಿತವಲ್ಲ ಎನ್ನುವುದು ಇದೇ ಕಾರಣಕ್ಕೆ.

ಪುರಸಭೆಯಿಂದ ಪಾಲಿಕೆಗೆ

ಕಂದಾಯ ಆಡಳಿತದಲ್ಲಿ ಕೆಂಗೇರಿ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ. ಸ್ಥಳೀಯಾಡಳಿತದಲ್ಲಿ ಅದಕ್ಕೆ ತನ್ನದೇ ಪುರಸಭೆಯಿತ್ತು. 2001ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 42 ಸಾವಿರ ದಾಟಿತ್ತು. 2007ರ ಜನವರಿಯಲ್ಲಿ ರಾಜ್ಯ ಸರಕಾರ ಬೆಂಗಳೂರು ಮಹಾನಗರ ಪಾಲಿಕೆಗೆ ಸುತ್ತಲಿನ 7 ನಗರಸಭೆ, 1 ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿತು. ಆ ಏಕೈಕ ಪುರಸಭೆಯೇ ಕೆಂಗೇರಿ.

2010ರ ಪಾಲಿಕೆ ಚುನಾವಣೆಯ ವೇಳೆಗೆ ಕೆಂಗೇರಿ 198 ವಾರ್ಡುಗಳಲ್ಲಿ 159ನೆಯದಾಯಿತು. 2008ರ ಕ್ಷೇತ್ರ ಮರುವಿಂಗಡಣೆಗೆ ಮುನ್ನ ಇದು ಅತಿ ದೊಡ್ಡ ಕ್ಷೇತ್ರವೆನಿಸಿದ್ದ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರದ ಭಾಗವಾಗಿತ್ತು. ಅನಂತರ ಯಶವಂತಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿತು. ಆ ಕ್ಷೇತ್ರ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ ಸೇರಿರುವುದರಿಂದ ನಗರದ ನೈರುತ್ಯ ಮೂಲೆಯ ಕೆಂಗೇರಿಯ ಮತದಾರರು 'ಉತ್ತರ'ದ ಸಂಸದರನ್ನು ಆರಿಸುತ್ತಾರೆ.

ಬೃಹತ್ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಬಳಿಕ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೃಹತ್ ಪಾಲಿಕೆಯ ಜಾಗದಲ್ಲಿ 5 ನಗರ ಪಾಲಿಕೆಗಳು ರಚನೆಯಾದವು. ಎರಡು ದಶಕಗಳೊಳಗೆ ಕೆಂಗೇರಿ ಮೂರು ಬಗೆಯ ಸ್ಥಳೀಯಾಡಳಿತವನ್ನು ಕಂಡಂತಾಯಿತು. ಪುರಸಭೆಯ ಕಾಲದಲ್ಲಿ ಬೀದಿದೀಪ, ಚರಂಡಿಗಳ ದೂರು ಒಯ್ಯಲು ಊರಲ್ಲೇ ಇದ್ದ ಕಚೇರಿಯ ಸೌಕರ್ಯ, ಮಹಾನಗರಕ್ಕೆ ಸೇರಿದ ಮೇಲೆ ಬಂದ ಹೆಚ್ಚಿನ ಅನುದಾನ, ಇವೆರಡರಲ್ಲಿ ಯಾವುದು ಮೇಲೆಂಬ ಚರ್ಚೆ ಹಳೆಯ ನಿವಾಸಿಗಳಲ್ಲಿ ಸಾಮಾನ್ಯ.

ಹಳೆಯೂರು, ಉಪನಗರ, ಬಡಾವಣೆ

ಇಂದಿನ ಕೆಂಗೇರಿಯನ್ನು ಮೂರು ಪದರಗಳಲ್ಲಿ ಗುರುತಿಸಬಹುದು. ಮೊದಲನೆಯದು ಪೇಟೆ, ಗುಡಿ, ಮಸೀದಿಗಳಿರುವ ಹಳೆಯೂರು. ಇಲ್ಲಿ ಬೀದಿಗಳು ಕಿರಿದು, ಮನೆಗಳು ಒತ್ತೊತ್ತು. ಎರಡನೆಯದು ಯೋಜಿತ ಬಡಾವಣೆಯಾಗಿ ರೂಪುಗೊಂಡ ಕೆಂಗೇರಿ ಉಪನಗರ. ಅಡ್ಡರಸ್ತೆ, ಮುಖ್ಯರಸ್ತೆ, ಉದ್ಯಾನಗಳಿರುವ ಈ ಭಾಗದಲ್ಲಿ ಸರಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ನೌಕರರು, ನಿವೃತ್ತರು ಹೆಚ್ಚಾಗಿ ನೆಲೆಸಿದರು. ಮೂರನೆಯದು ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಎದ್ದ ಖಾಸಗಿ ಬಡಾವಣೆ ಮತ್ತು ಬಹುಮಹಡಿ ವಸತಿ ಸಮುಚ್ಚಯಗಳು.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ದೊಡ್ಡ ಯೋಜನೆಗಳೂ ಈ ದಿಕ್ಕಿನಲ್ಲಿವೆ. ಉಲ್ಲಾಳು ಭಾಗದ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ ಒಂದಾದರೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವಣ ನಾಡಪ್ರಭು ಕೆಂಪೇಗೌಡ ಬಡಾವಣೆ ಇನ್ನೊಂದು. ಎರಡನೆಯದಕ್ಕೆ 2010ರಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದಾಗ ಅದರ ವ್ಯಾಪ್ತಿ 4 ಸಾವಿರ ಎಕರೆಗೂ ಮೀರಿತ್ತು. 2016ರಿಂದ ನಿವೇಶನ ಹಂಚಿಕೆ ನಡೆಯಿತು. ಆದರೆ ಭೂಸ್ವಾಧೀನದ ವ್ಯಾಜ್ಯಗಳಿಂದ ರಸ್ತೆ, ನೀರು, ವಿದ್ಯುತ್ ಕಾಮಗಾರಿಗಳು ನಿಗದಿತ ಗಡುವಿನೊಳಗೆ ಮುಗಿಯಲಿಲ್ಲ. ಜೀವಮಾನದ ಉಳಿತಾಯ ಹೂಡಿ ನಿವೇಶನ ಪಡೆದವರು ಮನೆ ಕಟ್ಟಲಾಗದೆ ವರ್ಷಗಟ್ಟಲೆ ಕಾಯಬೇಕಾಯಿತು. ಭೂಮಿ ಬಿಟ್ಟುಕೊಟ್ಟ ರೈತರದು ಪರಿಹಾರದ ನಿರೀಕ್ಷೆ.

ಸಂಚಾರ ವ್ಯವಸ್ಥೆ

ನಮ್ಮ ಮೆಟ್ರೊ ನೇರಳೆ ಮಾರ್ಗದ ಮೈಸೂರು ರಸ್ತೆ–ಕೆಂಗೇರಿ ವಿಸ್ತರಣೆ 2021ರ ಆಗಸ್ಟ್ 29ರಂದು ಉದ್ಘಾಟನೆಗೊಂಡು ಮರುದಿನದಿಂದ ಸಾರ್ವಜನಿಕರಿಗೆ ತೆರೆಯಿತು. ಸುಮಾರು 7.5 ಕಿ.ಮೀ. ಉದ್ದದ ಈ ಭಾಗದಲ್ಲಿ ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್ ಮತ್ತು ಕೆಂಗೇರಿ ಎಂಬ 6 ನಿಲ್ದಾಣಗಳಿವೆ. 2023ರ ಅಕ್ಟೋಬರ್ 9ರಂದು ಮಾರ್ಗ ಚಲ್ಲಘಟ್ಟದವರೆಗೆ ಮುಂದುವರಿಯಿತು. ಅದೇ ದಿನ ಬೈಯಪ್ಪನಹಳ್ಳಿ–ಕೆ.ಆರ್. ಪುರ ಭಾಗವೂ ಆರಂಭವಾದ್ದರಿಂದ ಕೆಂಗೇರಿಯವರು ರೈಲು ಬದಲಿಸದೆ ವೈಟ್‌ಫೀಲ್ಡ್‌ವರೆಗೆ ಹೋಗುವಂತಾಯಿತು. ನೇರಳೆ ಮಾರ್ಗದ ಒಟ್ಟು ಉದ್ದ 43.49 ಕಿ.ಮೀ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಮೆಜೆಸ್ಟಿಕ್ ಪ್ರಯಾಣ ಈಗ ಸುಮಾರು ಅರ್ಧ ಗಂಟೆಯದು.

ಬೆಂಗಳೂರು–ಮೈಸೂರು ಪ್ರವೇಶ ನಿಯಂತ್ರಿತ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಸುಮಾರು 118 ಕಿ.ಮೀ. ಉದ್ದದ ಈ ಹೆದ್ದಾರಿಯ ಆರಂಭ ಇರುವುದು ಕೆಂಗೇರಿಯ ಬಳಿ. 2023ರ ಆಗಸ್ಟ್ 1ರಿಂದ ಇದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯವರೆಗಿನ ನೈಸ್ ರಸ್ತೆಯೂ ಇಲ್ಲೇ ಮೈಸೂರು ರಸ್ತೆಯನ್ನು ದಾಟುತ್ತದೆ. ದೂರದ ವಾಹನಗಳಿಗೆ ಇದರಿಂದ ಅನುಕೂಲವಾಗಿದ್ದರೂ ಹಬ್ಬದ ಮುನ್ನಾದಿನ ಮತ್ತು ವಾರಾಂತ್ಯಗಳಲ್ಲಿ ಕೆಂಗೇರಿಯ ಹಾದಿಯಲ್ಲಿ ದಟ್ಟಣೆ ಕರಗುವುದು ತಡರಾತ್ರಿಗೇ.

ರಸ್ತೆಗೂ ನದಿಗೂ ಇರುವ ಸಾಮೀಪ್ಯ ಅಪಾಯಕಾರಿಯೂ ಹೌದು. 2020ರ ಜೂನ್‌ನಲ್ಲಿ ಸುರಿದ ಮಳೆಗೆ ಮೈಸೂರು ರಸ್ತೆಯಲ್ಲಿ ವೃಷಭಾವತಿಯ ತಡೆಗೋಡೆ ಕುಸಿದಿತ್ತು.

ಶಿಕ್ಷಣ, ಆರೋಗ್ಯ, ಉದ್ಯೋಗ

ಕೆಂಗೇರಿಗೆ ಹೋಗುವ ದಾರಿಯುದ್ದಕ್ಕೂ ವಿದ್ಯಾಸಂಸ್ಥೆಗಳ ಸಾಲಿದೆ. 1963ರಲ್ಲಿ ಸ್ಥಾಪನೆಯಾದ ಆರ್.ವಿ. ಎಂಜಿನಿಯರಿಂಗ್ ಕಾಲೇಜು, 1973ರಿಂದ ಬೆಳೆದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಕೆಂಗೇರಿ–ಉತ್ತರಹಳ್ಳಿ ರಸ್ತೆಯ ಜೆಎಸ್ಎಸ್ ತಾಂತ್ರಿಕ ಶಿಕ್ಷಣ ಅಕಾಡೆಮಿ, ಕಂಬೀಪುರದ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು, ಕಣ್ಮಿಣಿಕೆಯ ಕ್ರೈಸ್ಟ್ ವಿಶ್ವವಿದ್ಯಾಲಯ ಆವರಣ ಇವುಗಳಲ್ಲಿ ಮುಖ್ಯ. ರಾಜ್ಯದ ನಾನಾ ಜಿಲ್ಲೆಗಳಿಂದ ಬರುವ ವಿದ್ಯಾರ್ಥಿಗಳಿಂದಾಗಿ ಬಾಡಿಗೆ ಮನೆ, ಪಿ.ಜಿ., ಖಾನಾವಳಿಗಳು ಊರಿನ ಒಂದು ಮುಖ್ಯ ವ್ಯವಹಾರವಾಗಿವೆ.

ಸಾಫ್ಟ್‌ವೇರ್ ಕಂಪನಿಗಳು ನಗರದ ಪೂರ್ವ ಮತ್ತು ದಕ್ಷಿಣದಲ್ಲಿ ಕೇಂದ್ರೀಕೃತವಾಗಿದ್ದರೂ ಮೈಲಸಂದ್ರದ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಪಶ್ಚಿಮದ ಜನರಿಗೆ ಉದ್ಯೋಗ ಒದಗಿಸಿದೆ. ಬಿಡದಿ, ಕುಂಬಳಗೋಡುಗಳ ಕಾರ್ಖಾನೆ ಕಾರ್ಮಿಕರಲ್ಲಿ ಅನೇಕರಿಗೆ ಕೆಂಗೇರಿಯೇ ವಾಸದ ಊರು.

ನೀರಿನ ಪ್ರಶ್ನೆ

ನದಿ ಪಕ್ಕದಲ್ಲೇ ಇದ್ದರೂ ಕೆಂಗೇರಿ ಕುಡಿಯುವ ನೀರಿಗೆ ಅವಲಂಬಿಸಿರುವುದು ದೂರದ ಕಾವೇರಿಯನ್ನು ಮತ್ತು ನೆಲದಡಿಯ ಕೊಳವೆಬಾವಿಗಳನ್ನು. 2007ರಲ್ಲಿ ಪಾಲಿಕೆಗೆ ಸೇರಿದ 110 ಗ್ರಾಮಗಳಿಗೆ ನೀರು ಕೊಡಲು ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಗ್ರಾಮಗಳು ಪಾಲಿಕೆಗೆ ಸೇರಿ ಅದಾಗಲೇ 17 ವರ್ಷಗಳು ಕಳೆದಿದ್ದವು. ಅದೇ ವರ್ಷದ ಬೇಸಿಗೆಯಲ್ಲಿ ಬೆಂಗಳೂರು ಕಂಡ ಜಲಕ್ಷಾಮದಲ್ಲಿ ಹೊರವಲಯದ ಬಡಾವಣೆಗಳು ಟ್ಯಾಂಕರ್ ನೀರನ್ನೇ ನಂಬಬೇಕಾಗಿತ್ತು.

ಕೆಂಗೇರಿ ಕೆರೆ, ಕೊಮ್ಮಘಟ್ಟ ಕೆರೆ, ಸೂಲಿಕೆರೆಗಳು ಈ ಸೀಮೆಯ ಹಳೆಯ ಜಲಮೂಲಗಳು. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ, ಕೊನೆಗೆ ಹೊಳೆಗೆ ಸೇರುವಂತಿದ್ದ ರಾಜಕಾಲುವೆಗಳ ಜಾಲ ಹಲವೆಡೆ ತುಂಡಾಗಿದೆ. 2024ರ ಅಕ್ಟೋಬರ್‌ನ ಮಳೆಯ ದಿನಗಳಲ್ಲಿ ಕೆಂಗೇರಿ ಕೆರೆಗೆ ನೀರು ತರಲು ಹೋದ ಇಬ್ಬರು ಮಕ್ಕಳು ಮುಳುಗಿ ಮೃತಪಟ್ಟರು. ಮಹಾನಗರದೊಳಗೆ ಕೊಡ ಹಿಡಿದು ಕೆರೆಗೆ ಹೋಗಬೇಕಾದ ಕುಟುಂಬಗಳು ಇನ್ನೂ ಇವೆ ಎಂಬುದನ್ನೂ, ಕೆರೆಯ ದಂಡೆಗೆ ಸುರಕ್ಷತೆಯಿಲ್ಲ ಎಂಬುದನ್ನೂ ಆ ದುರಂತ ಒಟ್ಟಿಗೆ ತೋರಿಸಿತು.

ಸುತ್ತಮುತ್ತ

ಕೆಂಗೇರಿಯ ಏಕದಳ ಬಿಲ್ವ ಬಂಡೇಮಠ ಇಲ್ಲಿನ ಪರಿಚಿತ ಧಾರ್ಮಿಕ ಕೇಂದ್ರ. ಉತ್ತರಹಳ್ಳಿ ದಾರಿಯ ಓಂಕಾರ ಆಶ್ರಮ, ರಾಮೋಹಳ್ಳಿಯ ಮುಕ್ತಿನಾಗ ಕ್ಷೇತ್ರಗಳಿಗೂ ಭಕ್ತರು ಇಲ್ಲಿಂದಲೇ ಹೋಗುತ್ತಾರೆ. ರಾಮೋಹಳ್ಳಿ ಸಮೀಪದ ಕೇತೋಹಳ್ಳಿಯಲ್ಲಿ ಸುಮಾರು 400 ವರ್ಷ ಹಳೆಯದೆಂದು ಹೇಳಲಾಗುವ ದೊಡ್ಡ ಆಲದ ಮರ 3 ಎಕರೆಯಷ್ಟು ಹರಡಿಕೊಂಡಿದೆ. ಮೂಲ ಕಾಂಡ ರೋಗದಿಂದ ನಾಶವಾದರೂ ಬಿಳಲುಗಳೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಅರ್ಕಾವತಿಯ ಮಂಚನಬೆಲೆ ಜಲಾಶಯ ಇದೇ ದಿಕ್ಕಿನಲ್ಲಿದೆ. ತುರಹಳ್ಳಿ ಅರಣ್ಯ ಕೆಂಗೇರಿಯ ಪಕ್ಕದಲ್ಲಿ ಉಳಿದಿರುವ ಹಸಿರಿನ ತುಣುಕು.

ಮುಂದಿನ ದಾರಿ

ವೃಷಭಾವತಿಯ ಪುನಶ್ಚೇತನದ ಮಾತು ಹೊಸದಲ್ಲ. ಹೈಕೋರ್ಟಿನಲ್ಲಿ ಮೊಕದ್ದಮೆಗಳು ನಡೆದಿವೆ, ನಾಗರಿಕ ಸಂಘಟನೆಗಳು ನಡಿಗೆ, ಜಾಗೃತಿ ಕಾರ್ಯಕ್ರಮಗಳನ್ನು ನಡೆಸಿವೆ. ಶುದ್ಧೀಕರಿಸಿದ ನೀರನ್ನು ನೆಲಮಂಗಲ, ತುಮಕೂರು ಭಾಗದ ಕೆರೆಗಳಿಗೆ ಹರಿಸುವ ವೃಷಭಾವತಿ ಕಣಿವೆ ಏತ ನೀರಾವರಿ ಯೋಜನೆಗೆ 2024ರಲ್ಲಿ ಶಂಕುಸ್ಥಾಪನೆ ನೆರವೇರಿತು. 2018ರಲ್ಲಿ ಕೋಲಾರಕ್ಕೆ ನೀರು ಹರಿಸಿದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯೇ ಇದಕ್ಕೆ ಮಾದರಿ. ಆದರೆ ಎರಡನೇ ಹಂತದ ಶುದ್ಧೀಕರಣ ಸಾಕೇ, ಲೋಹ, ರಾಸಾಯನಿಕಗಳನ್ನು ತೆಗೆಯುವ ಮೂರನೇ ಹಂತವೂ ಬೇಕೇ ಎಂಬ ತಜ್ಞರ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ. ಕೈಗಾರಿಕಾ ತ್ಯಾಜ್ಯ ಹೆಚ್ಚಿರುವ ವೃಷಭಾವತಿಯ ವಿಷಯದಲ್ಲಂತೂ ಈ ಪ್ರಶ್ನೆಯನ್ನು ಬದಿಗೊತ್ತುವಂತಿಲ್ಲ.

ಇನ್ನೊಂದು ಅಡ್ಡಿ ಹೆಸರಿನಲ್ಲಿಯೇ ಇದೆ. ನಗರದೊಳಗೆ ವೃಷಭಾವತಿಯನ್ನು ನದಿಯೆಂದು ಕಾಣುವುದಕ್ಕಿಂತ ರಾಜಕಾಲುವೆಯೆಂದು ನಡೆಸಿಕೊಂಡದ್ದೇ ಹೆಚ್ಚು. ಪರಿಷ್ಕೃತ ಮಹಾಯೋಜನೆ–2015ರಲ್ಲಿ ಪ್ರಾಥಮಿಕ ಕಾಲುವೆಯ ಮಧ್ಯದಿಂದ 50 ಮೀಟರ್, ದ್ವಿತೀಯ ಕಾಲುವೆಗೆ 25 ಮೀಟರ್, ತೃತೀಯ ಕಾಲುವೆಗೆ 15 ಮೀಟರ್ ಮೀಸಲು ವಲಯವನ್ನು ನಿಗದಿಪಡಿಸಲಾಗಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿದರೂ ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶವನ್ನು ರದ್ದುಗೊಳಿಸಿತು. ದಡದಲ್ಲಿ ಆಗಲೇ ಎದ್ದು ನಿಂತಿರುವ ಕಟ್ಟಡಗಳ ನಡುವೆ ನದಿಗೆ ಜಾಗ ಹುಡುಕುವುದು ಸುಲಭವಲ್ಲ.

ಬಿಡದಿ ಬಳಿ ಬೈರಮಂಗಲ, ಕಂಚುಗಾರನಹಳ್ಳಿ ಪ್ರದೇಶದಲ್ಲಿ ಹೊಸ ಉಪನಗರ ನಿರ್ಮಿಸುವ ಪ್ರಸ್ತಾವಕ್ಕೆ 2025ರಲ್ಲಿ ಚಾಲನೆ ದೊರೆತಾಗ ಭೂಮಿ ಕಳೆದುಕೊಳ್ಳಲಿರುವ ರೈತರಿಂದ ವಿರೋಧ ವ್ಯಕ್ತವಾಯಿತು. ಹೊಳೆಯ ದಡದ ಊರು ಉಪನಗರವಾದಾಗ ಹೊಳೆಗೆ ಏನಾಗುತ್ತದೆ, ಹೊಲ ಬಿಟ್ಟವರಿಗೆ ಏನು ಸಿಗುತ್ತದೆ ಎಂಬುದನ್ನು ತಿಳಿಯಲು ಯೋಜನೆ ರೂಪಿಸುವವರು ಬಹುದೂರ ಹೋಗಬೇಕಿಲ್ಲ. ಅದೇ ಹೊಳೆಯ ಮೇಲ್ದಂಡೆಯಲ್ಲಿ ಕೆಂಗೇರಿಯಿದೆ.

ಕೆಂಗೇರಿ: ಸಂಕ್ಷಿಪ್ತ ನೋಟ

ಸ್ಥಳ: ಬೆಂಗಳೂರಿನ ನೈರುತ್ಯಕ್ಕೆ, ಮೆಜೆಸ್ಟಿಕ್‌ನಿಂದ ಸುಮಾರು 15 ಕಿ.ಮೀ.
ತಾಲ್ಲೂಕು: ಬೆಂಗಳೂರು ದಕ್ಷಿಣ (ಕೆಂಗೇರಿ ಹೋಬಳಿ)
ನದಿ: ವೃಷಭಾವತಿ (ಅರ್ಕಾವತಿಯ ಉಪನದಿ, ಕಾವೇರಿ ಕಣಿವೆ)
ವಿಧಾನಸಭಾ ಕ್ಷೇತ್ರ: ಯಶವಂತಪುರ
ಲೋಕಸಭಾ ಕ್ಷೇತ್ರ: ಬೆಂಗಳೂರು ಉತ್ತರ
ಪಿನ್ ಕೋಡ್: 560060
ರೈಲು: ಬೆಂಗಳೂರು–ಮೈಸೂರು ಮಾರ್ಗದ ನಿಲ್ದಾಣ
ಮೆಟ್ರೊ: ನೇರಳೆ ಮಾರ್ಗ (2021ರಿಂದ)
ಪುರಸಭೆಯಾಗಿ ಅಂತ್ಯ: 2007, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನ